ಸೋಪಿನ ಡಬ್ಬಿಯೊಳಗಿನ ತಂತಿ

ಬೇಡ ಬೇಡ, ಆ ಹೊಸ ಮೈಕಿನ ಪೊಟ್ಟಣ ಈಗಲೇ ಬಿಚ್ಚಬೇಡಿ ಕಾಂತರಾಜು ಅವರೇ. ಕಂಪ್ಯೂಟರಿಗೆ ಅಂತಲೇ ಮಾಡಿದ್ದಾ? ಓ... ಹಾಗಾದ್ರೆ ಅದು ಯಾವತ್ತೂ ಕೆಡಲ್ಲ. ನಾನು ಅನೌನ್ಸ್‌ಮೆಂಟ್ ಮಾತಾಡಿ, ಕ್ಯಾಸೆಟ್ಟಿಗೆ ಹಾಕಿ, ಬಸ್ಸಿನವರ ಕೈಲಿ ಕಳಿಸಿದ್ರೆ ಸಾಕಾ. ನೀವು ಪಿರಿಯಾಪಟ್ಟಣದಿಂದ ರಿಪೇರಿಗೆ ಅಂತ ವಾರವಾರ ಸ್ಕೂಟರಲ್ಲಿ ಬರೋದು ತಪ್ಪುತ್ತೆ. ಹೌದು... ತಪ್ಪುತ್ತೆ.

ಆದ್ರೂ ನಿಮ್ಮ ಹಳೇ ಮೈಕೇ ಚೆನ್ನಾಗಿತ್ತು. ಮದುವೆಮನೆ ಮೈಕಿನ ಇಂಪೀಡೆನ್ಸ್ ಕಡಿಮೆ, ನಮ್ಮನೆ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಹೊಂದಲ್ಲ, ನೇರ ಚುಚ್ಚಿದ್ರೆ ದನಿ ಪಿಸುಗುಟ್ಟಿದ ಹಾಗೆ ಬರುತ್ತೆ ಅಂತ ಹೇಳಿ, ನಡುವೆ ಟ್ರಾನ್ಸ್‌ಫಾರ್ಮರ್ ಸೇರಿಸಿ, ಸೋಪಿನ ಡಬ್ಬಿಯಲ್ಲಿಟ್ಟು ಟೇಪು ಸುತ್ತಿ ಕೊಟ್ರಲ್ಲ. ಕಣ್ಣಿನ ಶಿಬಿರದ ಅನೌನ್ಸ್‌ಮೆಂಟು ಎಷ್ಟು ತುಂಬಿಕೊಂಡು ಬಂತು. ನಿಮ್ಮ ಜೀಪು ಬೆಟ್ಟದಪುರ ಸುತ್ತುವಾಗ ಪಕ್ಕದ್ಮನೆ ತಿಮ್ಮಮ್ಮಜ್ಜಿ, "ಯಾವೂರ್ ಎಣ್ಣೋ, ಚೆಂದಾಗ್ ಕೂಗ್ತಾಳೆ ಕಣವ್ವ" ಅಂದ್ರು. ಪಕ್ಕದಲ್ಲೇ ನಿಂತಿದ್ದೆ. ನಾನೇ ಅಂತ ಹೇಳೋಕಾಗಲಿಲ್ಲ.

ಯಾಕೆ ನಗ್ತೀರಿ? ಊರಿಗೆಲ್ಲ "ಬಂಧುಗಳೇ" ಅಂತ ಕೂಗೋಳು ಮನೇಲಿ ಬಾಯೇ ಬಿಡಲ್ಲ ಅಂತಾನಾ? ಯಾರ ಹತ್ರ ಬಿಡ್ಲಿ... ಅಪ್ಪ ಅಮ್ಮ ಬೆಳಗಾದ್ರೆ ಹೊಗೆಸೊಪ್ಪು ಒಣಗಿಸೋ ಬ್ಯಾರನ್ನಿಗೆ ಹೋಗ್ತಾರೆ. ಓರಗೆಯವರು ನಾನು ಬಂದ್ರೆ ಮಾತು ನಿಲ್ಲಿಸ್ತಾರೆ, ಹಾಸ್ಟೆಲಲ್ಲಿ ಇಂಗ್ಲಿಷ್ ಓದಿದೋಳು ಅಂತ. "ಇನ್ನೊಂದ್ಸಲ ಮಾತಾಡಿ, ಇನ್ನೂ ಸ್ವಲ್ಪ" ಅಂತ ಕೇಳೋರು ನೀವೊಬ್ರೇ. ಮೈಕ್ ಟೆಸ್ಟಿಗೆ ಅಂತ ಗೊತ್ತು ಬಿಡಿ.

ಹೂಂ, ಹಳೇ ಮೈಕು ಈ ವಾರವೂ ಅಷ್ಟೇ. ಗುಂಯ್ ಅನ್ನೋದು ಬಿಟ್ರೆ ಏನೂ ಬರಲ್ಲ. ಡಬ್ಬಿ ಬಿಚ್ತೀರಾ? ಮೊದಲು ಟೀ ಕುಡೀರಿ, ಆರೋಗುತ್ತೆ... ಸರಿ, ಬಿಚ್ಚಿ.

ತಂತಿ ತುಂಡಾಗಿದೆಯಾ. ಮತ್ತೆ ಅದೇ ಜಾಗದಲ್ಲಾ? ಇಲಿ ಇರಬೇಕು. ಸೊಪ್ಪು ಪೇರಿಸಿರೋ ಮನೆ, ಇಲಿ ಜಾಸ್ತಿ... ಹೌದು, ಡಬ್ಬಿ ಮುಚ್ಚಿತ್ತು. ಟೇಪೂ ಇತ್ತು.

ಏನು ನೋಡ್ತಿದ್ದೀರಿ? ಅದು ನನ್ನ ನೇಲ್ ಕಟರ್. ಕಿಟಕೀಲಿ ಯಾವಾಗ್ಲೂ ಇರುತ್ತೆ. ಕೊಡಿ ಇಲ್ಲಿ...

ತಾಮ್ರದ ಎಳೆ ಅದರ ಬಾಯಲ್ಲೇ ಸಿಕ್ಕಿಕೊಂಡಿದೆಯಾ.

ಏನಾದ್ರೂ ಅನ್ನಿ. ಬೇಕಾದ್ರೆ ಬೈಯಿರಿ... ಸರಿ. ಹೊಸ ಮೈಕೇ ಚುಚ್ಚಿ. ಅದಕ್ಕೆ ಡಬ್ಬಿ ಬೇಡ, ನಾನು ಕತ್ತರಿಸೋಕೆ ಏನೂ ಇರಲ್ಲ.

ಇಷ್ಟು ಹತ್ತಿರ ಹಿಡೀಬೇಕಾ? ಹೆಡ್‌ಫೋನ್ ಹಾಕ್ಕೊಂಡ್ರಾ? ಏನು ಮಾತಾಡ್ಲಿ... ಹಲೋ. ಬಂಧುಗಳೇ. ಕಾಂತರಾಜು ಅವರೇ... ಮೈಕು ಕೆಡದಿದ್ರೂ ಒಂದೊಂದ್ಸಲ ಬರ್ತೀರಾ?

ಕೇಳಿಸ್ತಾ?

ಪರದೆ ಮೇಲೆ ನನ್ನ ದನಿಯ ಗೆರೆ ಚೆನ್ನಾಗಿ ಎದ್ದಿದೆ. ಕೇಳಿಸಿರಲೇಬೇಕು.