ಬಿಚ್ಚದ ಚೀಲ

ಹಗುರ, ಹಗುರ, ಹಗುರ... ಇನ್ನೆಷ್ಟು ಸಲ ಹೇಳ್ತೀಯ? ಹಗುರವೇ ಬೇಕಾದರೆ ಏನೂ ಒಯ್ಯಬೇಡ, ಅದಕ್ಕಿಂತ ಹಗುರ ಇನ್ನೊಂದಿಲ್ಲ. ನಗಬೇಡ. ಬೆಳಗಾದರೆ ಬೆಟ್ಟ ಹತ್ತೋಳು ನೀನು. ಈಗ ನಾನು ನಿನ್ನ ಅಮ್ಮ ಅಲ್ಲ, ಈ ಚಾರಣದ ಸಾಮಾನಿನ ಅಂಗಡಿಯವಳು. ಗಿರಾಕಿ ಥರ ಕೇಳು.

ಈ ಬೆಳ್ಳಿ ಹಾಳೆಯ ಚೀಲ ಮುಷ್ಟಿಯೊಳಗೆ ಅಡಗುತ್ತೆ, ಒಪ್ಪಿದೆ. ದಾರಿ ತಪ್ಪಿ ಬೆಟ್ಟದಲ್ಲೇ ಕತ್ತಲಾದರೆ ಇದರೊಳಗೆ ತೂರಿಕೊಂಡು ಕುತ್ತಿಗೆವರೆಗೆ ಎಳ್ಕೊಳ್ಳೋದು, ಮೈಯ ಕಾವು ಆಚೆ ಹೋಗಲ್ಲ. ಪೊಟ್ಟಣದ ಮೇಲೆ ಬರೆದಿದೆ, ಓದಿದ್ದೀನಮ್ಮ. ನಾನು ಅಕ್ಷರ ಕಲಿತದ್ದೇ ಪೊಟ್ಟಣ ಓದಿ. ಅಲ್ಲಿ ಬರೀದೇ ಇರೋದನ್ನ ಹೇಳ್ತೀನಿ. ಗಾಳಿ ಬೀಸಿದರೆ ಇದು ಪಟಪಟ ಅಂತ ಬಡ್ಕೊಳ್ಳುತ್ತೆ, ಪಕ್ಕದಲ್ಲಿ ಯಾರು ಕೂಗಿದರೂ ಕಿವಿಗೆ ಬೀಳಲ್ಲ. ಒಂದು ಮುಳ್ಳು ತಾಗಿದರೆ ಸಾಕು, ಸರ್ರಂತ ಸೀಳಿಹೋಗುತ್ತೆ. ಈ ಕಿತ್ತಳೆ ಬಣ್ಣದ್ದು ನೋಡು, ಎಷ್ಟು ದಪ್ಪ... ಎರಡು ಸೇಬಿನ ತೂಕ. ಅಷ್ಟಕ್ಕೇ ಮುಖ ಸೊಟ್ಟ ಮಾಡ್ತೀಯಲ್ಲ.

ನಾನು ಯಾವುದು ಒಯ್ಯೋದು ಅಂತಲಾ? ...ಬೆಳ್ಳೀದೇ. ನನ್ನ ಮಾತು ಬೇರೆ. ಇಷ್ಟು ವರ್ಷ ಒಬ್ಬಳೇ ಬೆಟ್ಟ ಸುತ್ತಿದ್ದೀನಿ, ಒಂದು ದಿನ ಅದನ್ನ ಬಿಚ್ಚಿದವಳಲ್ಲ. ನೆಟ್ಟಗೆ ನೋಡ್ಕೊಂಡು ನಡೆಯೋರಿಗೆ ಅದು ಬೇಕಾಗೋದೇ ಇಲ್ಲ. ಗಾಳಿ, ಮುಳ್ಳು ಎಲ್ಲ ಹೇಗೆ ಗೊತ್ತು ಅಂದರೆ... ಗಿರಾಕಿಗಳು ಹೇಳ್ತಾರೆ. ಅಂಗಡಿ ಅಂದಮೇಲೆ ನಾಲ್ಕು ಜನ, ನಾಲ್ಕು ಮಾತು.

ಅಲ್ಲಿಗ್ಯಾಕೆ ಹೋದೆ? ನನ್ನ ಬೆನ್ನುಚೀಲ ಮೊಳೆ ಮೇಲೇ ಇರಲಿ. ಕೈ ಹಾಕಬೇಡ. ಹಾಕಬೇಡ ಅಂದೆ.

...ಬೆಳ್ಳಿ ಚೀಲ ಊದಿಕೊಂಡಿದೆ, ಹೌದು. ಒಂದು ಸಲ ಬಿಚ್ಚಿದರೆ ಮತ್ತೆ ಮುಷ್ಟಿಗೆ ಸಿಗೋ ಹಾಗೆ ಮಡಿಸೋಕೆ ಯಾರ ಕೈಲೂ ಆಗಲ್ಲ. ಯಾರೋ ಗಿರಾಕಿಗೆ ಬಿಚ್ಚಿ ತೋರಿಸಿದ್ದೆ. ಆ ಅಂಟುಪಟ್ಟಿ ಹಚ್ಚಿದ್ದು... ಚೀಲ ಇಲ್ಲೇ, ಕಪಾಟಿನ ಮೂಲೆ ತಾಗಿ ಹರೀತು. ಒಳಗಿರೋ ಹುಲ್ಲುಕಡ್ಡಿ...

ಹಾಗೆ ನೋಡಬೇಡ. ಬೈಯೋದಾದರೆ ಬೈದುಬಿಡು.

ಹೋದ ತಿಂಗಳು ಚಿಕ್ಕಮ್ಮನ ಮನೇಲಿ ಉಳ್ಕೊಂಡೆ ಅಂದಿದ್ದೆನಲ್ಲ. ಅವಳ ಮೆಟ್ಟಿಲಲ್ಲಿ ಕಾಲು ಜಾರಿತು ಅಂತ... ನಿಮ್ಮಪ್ಪನಿಗೆ ಹೇಳಬೇಡ. ಜಾರಿದ್ದು ಬೆಟ್ಟದಲ್ಲಿ. ಬೆಳಗಿನವರೆಗೂ ಆ ಪಟಪಟ ಒಂದೇ ನನಗೆ ಜೊತೆ. ಅದೂ ನಿಂತರೆ ಏನು ಗತಿ ಅನ್ನಿಸಿತ್ತು ಕಣೇ.

ಸರಿ, ಕಿತ್ತಳೇದೇ ತೊಗೊಂಡೆಯಲ್ಲ, ಅಷ್ಟು ಸಾಕು ನನಗೆ.

ಎರಡು ಯಾಕೆ? ಒಬ್ಬಳಿಗೆ ಒಂದು ಸಾಕು.

ಏ, ಅದನ್ನ ನನ್ನ ಬೆನ್ನುಚೀಲಕ್ಕೆ ಯಾಕೆ ತುರುಕ್ತಿದ್ದೀಯ? ...ಭಾರ ಆಗುತ್ತೆ ಕಣೇ.