ಮೂರನೇ ಸಿಲಿಂಡರಿನ ಚೂರು

...ಮುಟ್ಟಬೇಡಮ್ಮ ಅದನ್ನ, ಕೈಯೆಲ್ಲ ಮಸಿ ಆಗುತ್ತೆ. ಮುಟ್ಟೇ ಬಿಟ್ಯಾ? ಸರಿ, ಒರೆಸ್ಕೊ. ಆ ಬಟ್ಟೆ ಬೇಡ, ಅದು ಇನ್ನೂ ಕೊಳಕು. ಈ ಗ್ಯಾರೇಜಿನಲ್ಲಿ ಶುದ್ಧ ಅನ್ನೋ ಬಟ್ಟೆ ಒಂದೂ ಉಳಿದಿಲ್ಲ. ಥೂ. ನಾಲ್ಕು ದಿನ ಆಯ್ತು, ಸುಟ್ಟ ಆಯಿಲಿನ ನಾತ ಹೋಗ್ತಾ ಇಲ್ಲ. ಬಾಯಿಗೆ ತುತ್ತಿಟ್ರೆ ತುತ್ತಿನಲ್ಲೂ ಅದೇ.

ಸ್ಟೂಲ್ ಇದೆ, ಕೂತ್ಕೊ. ನಿಂತೇ ಇರ್ತೀಯಾ? ನಿನ್ನಿಷ್ಟ. ಆಸ್ಪತ್ರೆಯಿಂದ ನೇರ ಇಲ್ಲಿಗೇ ಬಂದಿದ್ದೀಯ, ಏನಾಯ್ತು ಅಂತ ಸರಿಯಾಗಿ ಹೇಳಿ ಭಾವ ಅಂತೀಯ. ಹೇಳ್ತೀನಿ. ನನಗೆ ಒಡಹುಟ್ಟಿದ ತಮ್ಮ, ನಿನಗೆ ಗಂಡ. ಮುಚ್ಚಿಡೋಕೆ ಏನಿದೆ?

ದುರಾಸೆ. ಅಷ್ಟೇ ಆಗಿದ್ದು. ಆ ನೀಲಿ ಬಾಟಲಿ ನೋಡಿದ್ದೀಯಲ್ಲ, ಅವನ ಸೀಟಿನ ಹಿಂದೆ? ನೈಟ್ರಸ್ ಗ್ಯಾಸು. ಗುಂಡಿ ಒತ್ತಿದ್ರೆ ಎಂಜಿನ್ನಿಗೆ ನುಗ್ಗುತ್ತೆ, ಪೆಟ್ರೋಲು ಒಂದಕ್ಕೆರಡಾಗಿ ಉರಿಯುತ್ತೆ, ಕಾರು ಹುಚ್ಚು ಹಿಡಿದ ಹಾಗೆ ಓಡುತ್ತೆ. ಆ ಬೆಂಕಿಯೆಲ್ಲ ಬೀಳೋದು ಪಿಸ್ಟನ್ನಿನ ನೆತ್ತಿ ಮೇಲೆ. ಗ್ಯಾಸು ಚಿಮ್ಮೋ ಮೂತಿ, ನಾಜಲ್ ಅಂತೀವಿ, ಎರಡು ಇತ್ತು, ಚಿಕ್ಕದೊಂದು, ದೊಡ್ಡದೊಂದು. ಈ ಕಾರ್ ಪಂದ್ಯಕ್ಕೆ ಚಿಕ್ಕದೇ ಸಾಕು ಅಂತ ಬಡ್ಕೊಂಡೆ. ಕೇಳಿದ್ನಾ? ದೊಡ್ಡದನ್ನೇ ಸಿಕ್ಕಿಸಿದ. ಅರ್ಧ ದಾರಿನೂ ಹೋಗಿರಲಿಲ್ಲ, ಮೂರನೇ ಸಿಲಿಂಡರಿನ ಪಿಸ್ಟನ್ ಪುಡಿ. ಕೆಳಗಿನ ರಾಡು ಎಂಜಿನ್ನಿನ ಪಕ್ಕೆ ಒಡ್ಕೊಂಡು ಹೊರಗೆ ಬಂತು, ಕಾದ ಆಯಿಲಿಗೆ ಬೆಂಕಿ ಹತ್ತಿತು. ನಾನು ಓಡಿ ಹೋಗಿ ಬಾಗಿಲು ತೆಗೆಯೋ ಹೊತ್ತಿಗೆ ಎರಡೂ ಕೈ... ಸುತ್ತ ನಿಂತ ಜನ ಏನು ಮಾಡ್ತಿದ್ರು ಗೊತ್ತಾ? ಫೋನ್ ಎತ್ತಿ ಹಿಡಿದಿದ್ರು. ಮನುಷ್ಯರ ಮುಖ ನೋಡೋಕೇ ಹೇಸಿಗೆ ಆಗುತ್ತೆ ನನಗೆ.

ಯಾಕೆ ತಲೆ ಆಡಿಸ್ತೀಯ? ದುರಾಸೆ ಅಲ್ವಾ? ಅಲ್ಲ ಅಂತೀಯ. ಅಷ್ಟು ಗ್ಯಾಸು ತಡೀಲಿ ಅಂತಲೇ ತಾನೇ ಪಿಸ್ಟನ್ ಮಾಡಿಸಿದ್ದು, ಅಂತೀಯ. ಅಷ್ಟೆಲ್ಲ ನಿನ್ನ ಹತ್ರ ಹೇಳ್ಕೊಂಡಿದ್ನಾ?

ಹೌದು, ಮಾಡಿಸಿದ್ವಿ. ಒಂದು ಭಾನುವಾರ ಪೂರ್ತಿ ಇದೇ ಮೇಜಿನ ಮೇಲೆ ಇಬ್ಬರೂ ತಲೆಗೆ ತಲೆ ಕೊಟ್ಟು ಕೂತಿದ್ವಿ. ನಿನ್ನನ್ನ ಮದುವೆ ಆಗೋಕೂ ಅವನು ಅಷ್ಟು ಯೋಚನೆ ಮಾಡಿರಲಿಲ್ಲ. ನಗು ಬಂತಾ? ನಗು ಪರವಾಗಿಲ್ಲ. ಫೋರ್ಜ್ಡ್ ಪಿಸ್ಟನ್ನೇ ಆಗಬೇಕು ಅಂದೆ ನಾನು. ಅಂದ್ರೆ ಕರಗಿಸಿ ಹುಯ್ದದ್ದಲ್ಲ, ಕಾದ ಲೋಹದ ಗಟ್ಟಿಯನ್ನ ಟನ್‌ಗಟ್ಟಲೆ ಭಾರದಲ್ಲಿ ಅದುಮಿ ಮಾಡಿದ್ದು. ಹುಯ್ದದ್ದು ಏಟು ಬಿದ್ರೆ ಬಳೆ ಹಾಗೆ ಚೂರಾಗುತ್ತೆ. ಅದುಮಿದ್ದು ಬಗ್ಗುತ್ತೆ, ಕರಗುತ್ತೆ, ಪುಡಿ ಮಾತ್ರ ಆಗಲ್ಲ. ಅದರಲ್ಲೂ ಎರಡು ಜಾತಿ. ಒಂದು ಗಡುಸು, ಸದ್ದಿಲ್ಲದೆ ಓಡುತ್ತೆ. ಇನ್ನೊಂದು ತಾಳಿಕೆಯದು, ಆದ್ರೆ ಕಾದಾಗ ಜಾಸ್ತಿ ಹಿಗ್ಗುತ್ತೆ. ಅದಕ್ಕೆ ಸುತ್ತ ಜಾಗ ಬಿಡಬೇಕು, ಅದಕ್ಕೇ ತಣ್ಣಗಿದ್ದಾಗ ಕಟಕಟ ಅನ್ನುತ್ತೆ. ತಾಳಿಕೆಯದೇ ಇರ್ಲಿ ಅಣ್ಣ, ಗೊಣಗೋರ ಜೊತೆ ಬಾಳಿ ಅಭ್ಯಾಸ ಇದೆ ಅಂದ. ನಿನ್ನನ್ನೇ ಅಂದಿದ್ದು, ಇನ್ಯಾರನ್ನ. ನೆತ್ತಿ ದಪ್ಪ ಇರಬೇಕು, ಮೇಲಿನ ರಿಂಗು ಬೆಂಕಿಯಿಂದ ಒಂದಿಷ್ಟು ಕೆಳಗೆ ಸರಿದಿರಬೇಕು, ಎಲ್ಲ ಅಳೆದು ಬರೆದು ಕಳಿಸಿದ್ವಿ. ಹತ್ತು ವಾರ ಬೇಕು ಅಂದ್ರು. ಕಾಯೋಣ ಅಂದ ಅವನು.

ಅವನೇ ಅಂದದ್ದು. ಕಾಯೋಣ ಅಂತ.

ಆ ಪಿಸ್ಟನ್ ಚೂರನ್ನ ಮತ್ತೆ ಯಾಕೆ ಎತ್ಕೊಂಡೆ? ಕೆಳಗಿಡು. ಕಿಟಕಿ ಹತ್ರ ಹಿಡಿದು ಏನು ನೋಡ್ತೀಯ, ಒಡೆದ ಅಂಚು, ಅಷ್ಟೇ...

ಅಯ್ಯೋ. ಮರೆತೇ ಬಿಟ್ಟಿದ್ದೆ ನಾನು. ನೀನು ಹಲ್ಲು ಮಾಡೋ ಲ್ಯಾಬಿನವಳು. ದಿನಾ ಲೋಹ ಕರಗಿಸಿ ಅಚ್ಚಿಗೆ ಹುಯ್ಯೋಳು. ಹುಯ್ದ ಲೋಹ ಒಡೆದ್ರೆ ಒಳಗೆ ಸಕ್ಕರೆ ಥರ ಹರಳು ಹರಳಾಗಿ ಇರುತ್ತೆ ಅಂತ ನಿನಗೆ ನಾನೇನು ಹೇಳೋದು.

ಏನಾದ್ರೂ ಅನ್ನು. ಬೈಯಿ. ಆ ಚೂರನ್ನ ನನ್ನ ಮುಖಕ್ಕೆ ಬೀಸಾಕು. ಹೀಗೆ ನೋಡ್ತಾ ನಿಲ್ಲಬೇಡ.

...ಬರಲಿಲ್ಲ ಕಣಮ್ಮ. ಹತ್ತು ವಾರ ಹನ್ನೆರಡಾಯ್ತು, ಪಿಸ್ಟನ್ ಬರಲಿಲ್ಲ. ಆ ಮೂಲೆ ಗ್ಯಾರೇಜಿನ ಮೀಸೆಯವನಿದ್ದಾನಲ್ಲ, ನೆನೆಸಿಕೊಂಡ್ರೇನೆ ವಾಕರಿಕೆ ಬರುತ್ತೆ, ನಾಲ್ಕು ಜನರ ಎದುರಿಗೆ, ಏನಪ್ಪಾ ನಿನ್ನ ಎಂಜಿನ್ನಿಗೆ ಇನ್ನೂ ಹೆರಿಗೆ ಆಗಿಲ್ವಾ ಅಂದ. ಈ ಪಂದ್ಯಕ್ಕೇ ಇಳಿಸ್ತೀನಿ ನೋಡು ಅಂದ್ಬಿಟ್ಟೆ. ಶೆಲ್ಫಿನಲ್ಲಿ ಅದೇ ಅಳತೆಯ ಹಳೇ ಸೆಟ್ ಇತ್ತು, ಹುಯ್ದದ್ದು. ಹಾಕಿ, ಮುಚ್ಚಿ, ಬೋಲ್ಟ್ ಬಿಗಿದೆ. ನಮ್ಮ ಪಿಸ್ಟನ್ ಬಂತು ಕಣೋ, ಕೂರಿಸಿಬಿಟ್ಟೆ ಅಂದೆ ಅವನಿಗೆ. ಒಂದು ಪಂದ್ಯ, ಚಿಕ್ಕ ನಾಜಲ್, ಆಮೇಲೆ ಬಿಚ್ಚಿ ಬದಲಾಯಿಸಿದ್ರಾಯ್ತು, ಯಾರಿಗೆ ಗೊತ್ತಾಗುತ್ತೆ ಅಂತ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಕಟಕಟ ಸದ್ದೇ ಬರಲಿಲ್ಲ. ನಿನ್ನ ಕೈಯಲ್ಲಿ ಏನೋ ಇದೆ ಅಣ್ಣ ಅಂತ ನನ್ನ ಕೈ ಹಿಡ್ಕೊಂಡ, ಪೆದ್ದ.

ನಾಜಲ್ ವಿಷಯನೂ ಕೇಳಿದ್ದ. "ದೊಡ್ಡದಕ್ಕೆ ಅಂತಲೇ ಮಾಡಿಸಿದ್ದಲ್ವಾ ಅಣ್ಣ, ಯಾಕೆ ಹೆದರ್ತೀಯ?" ಅಂದ. ಏನು ಹೇಳ್ಲಿ? ನಕ್ಕುಬಿಟ್ಟೆ. ಒಪ್ಪಿಗೆ ಅಂದ್ಕೊಂಡ.

ಸರಿ. ಇದಕ್ಕಿಂತ ಹೊಲಸು ಒಂದಿದೆ, ಅದನ್ನೂ ಕೇಳ್ಕೊ. ನಿನ್ನೆ ಮಧ್ಯಾಹ್ನ ನೀನು ಔಷಧಿಗೆ ಅಂತ ಕೆಳಗೆ ಹೋಗಿದ್ದಾಗ ಅವನು ಕಣ್ಣು ಬಿಟ್ಟ. ನನ್ನನ್ನ ನೋಡ್ದ. ತುಟಿ ಒಡೆದಿತ್ತು, ಮಾತು ಕಷ್ಟ. ಹತ್ರ ಬಾ ಅನ್ನೋ ಹಾಗೆ ಗಲ್ಲ ಆಡಿಸ್ದ, ಬಗ್ಗಿದೆ. "ಅಣ್ಣ, ನಿನ್ನ ಮಾತು ಮೀರಿದೆ. ನೀನು ಕಷ್ಟಪಟ್ಟು ಕಟ್ಟಿದ ಎಂಜಿನ್ ಹಾಳು ಮಾಡ್ದೆ. ಕ್ಷಮಿಸ್ತೀಯಾ?" ಅಂದ.

ಹೋಗ್ಲಿ ಬಿಡೋ, ಕ್ಷಮಿಸಿದ್ದೀನಿ ಅಂದೆ ನಾನು.