ಸೋಫಾ ಸುಲಿದು ಹೊಲಿದ ಜೋಡು

ಬಸ್ಸಿಗೆ ಕಾಯುತ್ತ ತೂಕಡಿಸುತ್ತಿದ್ದ ನರ್ಸಮ್ಮನ ಕಿವಿ ಮಾತ್ರ ಎಚ್ಚರವಾಗಿತ್ತು. ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು.

"ರೀ, ನೀವು ಹೊಲಿದ ಶೂ ಬೆಳಿಗ್ಗೆ ಸರಿಯಾಗೇ ಇತ್ತು. ಈಗ ಇಕ್ಕಳ!"

"ಅಳತೆ ತಗೊಂಡಿದ್ದೂ ಬೆಳಿಗ್ಗೇನೇ ಅಲ್ವೇನೇ?"

"ದಿನವಿಡೀ ಅಂಗಡೀಲಿ ನಿಂತೋಳ ಕಾಲು ಸಂಜೆಗೆ ಊದಲ್ವಾ? ನಾಳೆ ಹೇಗೆ ನಿಲ್ಲಲಿ?"

"ಬೇರೆ ಹೊಲೀತೀನಿ ಬಿಡು."

"ಚರ್ಮಕ್ಕೆ ಕಾಸಿಲ್ಲ ಅಂತ ಸೋಫಾ ಸುಲಿದಿರಿ. ಈಗ ಮನೇಲೂ ನಿಂತೇ ಇದೀನಿ."

"ಬೆನ್ನಿನ ಭಾಗ ಇನ್ನೂ ಉಳಿದಿದೆ ಕಣೇ."

"ಅದನ್ನೂ ಮುಗಿಸಿಬಿಡಿ."

ಅವನು ಕೆಳಗೆ ಕೂತು ಅವಳ ಶೂ ಬಿಚ್ಚಿದ. ಜೇಬಿನಿಂದ ದಾರ ತೆಗೆದು, ಊದಿದ ಪಾದಕ್ಕೆ ಸುತ್ತಿ, ಅಳತೆಗೊಂದು ಗಂಟು ಹಾಕಿದ.

"ಥೂ, ಜನ ನೋಡ್ತಾರೆ ರೀ," ಎಂದವಳು ಇನ್ನೊಂದು ಕಾಲನ್ನೂ ಚಾಚಿದಳು.

ಬಸ್ಸು ಬಂತು. ಅವಳು ಬರಿಗಾಲಲ್ಲೇ ಹತ್ತಿದಳು. ಹಿಂದೆ ಅವನು, ಗಂಟು ಜಾರದಂತೆ ದಾರ ಹಿಡಿದು.